ಎರಡೇ ಪೆಡಲಿನ ಕಾರು

ಬ್ರೇಕ್ ಆಯಿಲ್ ಬದಲಿಸುವುದು ಇಬ್ಬರ ಕೆಲಸ. ಒಬ್ಬ ಕಾರಿನೊಳಗೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬ ಕೆಳಗೆ ಮಲಗಿ ಒಂದೊಂದೇ ಚಕ್ರದ ಹಿಂದಿನ ನಿಪ್ಪಲ್ ಸಡಿಲಿಸಿ ಹಳೆಯ ಆಯಿಲನ್ನು ಹೊರಗೆ ಬಿಡಬೇಕು. ನಮ್ಮ ಗ್ಯಾರೇಜಿನಲ್ಲಿ ಒತ್ತುತ್ತಿದ್ದವನು ನನ್ನ ಭಾವ. ಮಾತಾಡಿದರೆ ಎಲ್ಲಿ ಮುತ್ತು ಉದುರೀತೋ ಎನ್ನುವವನು; ಒತ್ತಿದೆ ಎನ್ನುವ ಬದಲು ಬಾಗಿಲನ್ನು ಎರಡು ಸಲ ತಟ್ಟುತ್ತಿದ್ದ. ಅವನು ತೀರಿಕೊಂಡ ಮೇಲೆ ನಾನೊಬ್ಬನೇ. ಆಯಿಲ್ ತಾನಾಗಿ ತೊಟ್ಟಿಕ್ಕಲಿ ಎಂದು ಕಾಯುತ್ತ ಮಲಗಿರುತ್ತಿದ್ದೆ.

ಒಂದು ಮಧ್ಯಾಹ್ನ ಗೇರು ತಾನೇ ಬದಲಿಸಿಕೊಳ್ಳುವ ಕಾರು ಬಂತು. ನಮ್ಮಲ್ಲಿಗೆ ಅಂಥದ್ದು ಅದೇ ಮೊದಲು. ಕೆಳಗೆ ಮಲಗಿದವನು ಹಳೇ ಅಭ್ಯಾಸಕ್ಕೆ, "ಒತ್ತು ಭಾವ" ಅಂದುಬಿಟ್ಟೆ.

ಬಾಗಿಲನ್ನು ಎರಡು ಸಲ ತಟ್ಟಿದ ಸದ್ದಾಯಿತು.

ನಿಪ್ಪಲ್ ಸಡಿಲಿಸಿದೆ; ಆಯಿಲ್ ಚಿಮ್ಮಿತು. ಬಿಸಿಲಲ್ಲಿ ನಿಂತಿದ್ದ ಕಾರು, ಆದರೂ ಕೈಮೇಲೆ ಬಿದ್ದದ್ದು ತಣ್ಣಗೆ ಕೊರೆಯುತ್ತಿತ್ತು. ಎದ್ದು ನೋಡಲು ಧೈರ್ಯವಿರಲಿಲ್ಲ. ನಿಜ ಹೇಳಬೇಕೆಂದರೆ ಮನಸ್ಸೂ ಇರಲಿಲ್ಲ. ಎಷ್ಟೋ ದಿನಕ್ಕೆ ಕೆಲಸ ಹದವಾಗಿ ಸಾಗಿತ್ತು.

ಚಕ್ರಗಳೆಲ್ಲ ಮುಗಿದವು. ಕ್ಲಚ್ಚಿಗೂ ಅದೇ ಆಯಿಲ್; ಕೊನೆಗೆ ಅದನ್ನೂ ಹೀಗೇ ಒತ್ತಿಸಿ ಬಿಡುವುದು ನಮ್ಮ ರೂಢಿ. "ಈಗ ಕ್ಲಚ್ಚು" ಅಂದೆ.

ತಟ್ಟಿದ ಸದ್ದು ಬರಲಿಲ್ಲ. ಒಳಗೆ ಕಾಲೊಂದು ಬರಿಯ ಮ್ಯಾಟಿನ ಮೇಲೆ ತಡಕಾಡತೊಡಗಿತು. ದಬ್, ದಬ್. ಆಗ ನೆನಪಾಯಿತು: ಈ ಕಾರಿಗೆ ಕ್ಲಚ್ ಪೆಡಲೇ ಇಲ್ಲ.

"ಇದ್ರಲ್ಲಿ ಅದಿಲ್ಲ ಭಾವ. ಕ್ಲಚ್ಚನ್ನ ಮಶೀನೇ ಒತ್ಕೊಳ್ಳುತ್ತೆ. ಇದಕ್ಕೆ ನೀನು ಬೇಕಾಗಿಲ್ಲ."

ಕಾಲಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಬಾಗಿಲನ್ನು ಮೆಲ್ಲಗೆ, ಒಂದೇ ಸಲ ತಟ್ಟಿದ ಹಾಗಾಯಿತು.

ಆಮೇಲೆ ಮೂರು ಪೆಡಲಿನ ಕಾರುಗಳು ಬೇಕಾದಷ್ಟು ಬಂದಿವೆ. ಪ್ರತಿ ಸಲವೂ ಕೆಳಗೆ ಮಲಗಿ ಕರೆಯುತ್ತೇನೆ. ಆಯಿಲ್ ತೊಟ್ಟಿಕ್ಕುತ್ತದೆ, ಅಷ್ಟೇ.