ವಾಲ್ವ್ ಇಲ್ಲದ ಬೈಕು

ಬಾಗಿಲು ತೆರೆಯಲಿಲ್ಲ!

ಬೈಕು ಮನೆಯ ಮುಂದೆಯೇ ಗುಡುಗುಟ್ಟುತ್ತ ನಿಂತಿತ್ತು. ಹೆಲ್ಮೆಟ್ಟಿನೊಳಗಿನ ಬೆವರು ಕಣ್ಣಿಗೆ ಇಳಿಯುತ್ತಿತ್ತು. ಎದುರಿನ ಪಾನ್ ಅಂಗಡಿಯ ಕಟ್ಟೆಯ ಮೇಲೆ ಬಂಡೆಪ್ಪ ಕಾವಲು ಕೂತಿದ್ದ. ಅವನ ಶರ್ಟಿನ ಕೆಳಗೆ, ಸೊಂಟದ ಹತ್ತಿರ ಉಬ್ಬಿಕೊಂಡದ್ದು ಎಲೆಅಡಿಕೆಯ ಚೀಲವಲ್ಲ... ಅದು ಇಡೀ ಜೋಗೇಶ್ವರಿಗೆ ಗೊತ್ತಿತ್ತು.

ಇನ್ನೊಮ್ಮೆ ಆಕ್ಸಿಲರೇಟರ್ ತಿರುವಿದೆ. ಭರ್ರ್...

ಕಿಟಕಿಯ ಪರದೆಯೂ ಅಲುಗಲಿಲ್ಲ.

ಒಳಗಿದ್ದವಳು ಚಂಪಾ. ನನ್ನ ಗೆಳೆಯ ಸೀತಾರಾಮನ ಹೆಂಡತಿ. ಈಗ ಅವಳು ಈ ಚಾಳ್ ಬಿಟ್ಟು ಹೊರಡದಿದ್ದರೆ, ಗಂಡ ಸಿಗಲಿಲ್ಲವೆಂದು ಸಂಜೆಗೆ ಭಾಯಿಯ ಜನ ಅವಳನ್ನು ಎತ್ತಿಕೊಂಡು ಹೋಗುತ್ತಾರೆ. ಆಮೇಲೆ ಅವಳ ಸುದ್ದಿ ಯಾರಿಗೂ ಸಿಗುವುದಿಲ್ಲ.

ಅವಸರ ಮಾಡಬೇಡಿ ಸ್ವಾಮಿ... ಹಿಂದಿನದನ್ನೂ ಹೇಳುತ್ತೇನೆ.

ನಾನು ಚೆನ್ನಯ. ಕಳುವಾದ ಗಾಡಿಗಳನ್ನು ಹುಡುಕಿಕೊಡುವುದು ನನ್ನ ಕಸುಬು. ಬೆಳಿಗ್ಗೆ ಮಂಜುನಾಥನ ಪಟಕ್ಕೆ ದೀಪ, ಆಮೇಲೆ ದಿನವಿಡೀ ಕಳ್ಳರ ಸಹವಾಸ. ಚೆಂಬೂರಿನ ನನ್ನ ಖೋಲಿಯಲ್ಲಿ ಮಾತಿಗೆ ಸಿಗುವವನು ಆ ಮಂಜುನಾಥ ಒಬ್ಬನೇ. ಅವನಾದರೋ ಕೇಳಿಸಿಕೊಳ್ಳುತ್ತಾನೆ, ಉತ್ತರ ಕೊಡುವುದಿಲ್ಲ.

ಸೀತಾರಾಮ, ಕಳ್ಳಸಾಗಣೆಯ ದೊರೆ ಆ ಭಾಯಿಯ ಮಾಲು ಸಾಗಿಸುತ್ತಿದ್ದವನು. ಹಡಗಿನಲ್ಲಿ ಬಿಡಿಬಿಡಿಯಾಗಿ ಬಂದಿಳಿದ ಕೆಂಪು ಜಪಾನಿ ಬೈಕು ಅವನದು. ಹಿಂದಿನ ಸೀಟು ಬಂಡೆಪ್ಪನದು. ಒಂದು ದಿನ ಸೀತಾರಾಮನಿಗೆ ಆ ಬಾಳು ಸಾಕಾಯಿತು. ನೇರ ಹೋಗಿ ಕಸ್ಟಮ್ಸಿನವರ ಮುಂದೆ ಎಲ್ಲ ಬಾಯಿಬಿಟ್ಟ. ಭಾಯಿಯ ಜನ ಬೆನ್ನು ಹತ್ತಿದರು. ಮಾಳಿಗೆಯಿಂದ ಹಾರಿ ಕಾಲು ಮುರಿದುಕೊಂಡು, ಹೇಗೋ ಬೈಕು ಓಡಿಸಿಕೊಂಡು ನನ್ನ ಬಾಗಿಲಿಗೆ ಬಂದುಬಿದ್ದ. ಆ ಕೆಲವು ದಿನ ನನ್ನ ಖೋಲಿಯಲ್ಲಿ ಎರಡನೆಯ ಲೋಟಕ್ಕೂ ಕೆಲಸ ಬಂತು!

"ಬೈಕು ಬಂದರೆ ಮಾತ್ರ ಹೊರಗೆ ಬಾ ಅಂತ ಚಂಪಾಳಿಗೆ ಹೇಳಿಟ್ಟಿದ್ದೇನೆ ಅಣ್ಣ," ಅಂದ ಸೀತಾರಾಮ. "ಬೇರೆ ಯಾರು ಕರೆದರೂ ಅವಳು ಬರುವವಳಲ್ಲ."

ಆ ಬೈಕನ್ನು ಟೆಂಪೋದಲ್ಲಿ ಕಾಂದಿವಲಿಯ ಸೀನನ ಗ್ಯಾರೇಜಿಗೆ ಸಾಗಿಸಿದೆ. ಕೆಂಪು ಹೋಗಿ ಕಪ್ಪಾಯಿತು. ನಂಬರ್ ಪ್ಲೇಟು ಬದಲಾಯಿತು. ಉಳಿದದ್ದು ಸದ್ದು.

"ಬಂಡೆಪ್ಪ ನಿದ್ದೆಯಲ್ಲೂ ಈ ಸದ್ದು ಗುರುತು ಹಿಡಿಯುತ್ತಾನೆ ಸೀನ."

ಸೀನ ಬಗ್ಗಿ ಎಂಜಿನ್ನಿನ ಕೆಳಗೆ ಟಾರ್ಚು ಬಿಟ್ಟ. "ಎಲ್ಲ ಈ ವಾಲ್ವಿನ ಕಿತಾಪತಿ ಮಾರಾಯ್ರೆ. ಹೊಗೆ ಹೋಗುವ ಕೊಳವೆಯೊಳಗೆ ಒಂದು ತಿರುಗುವ ತಗಡು ಉಂಟು. ನಿಧಾನ ಹೋಗುವಾಗ ದಾರಿ ಅಡ್ಡಗಟ್ತದೆ, ಜೋರು ಹೋಗುವಾಗ ಬಿಡ್ತದೆ. ಅದಕ್ಕೇ ಮೊದಲು ಜೇನುಹುಳ... ಆಮೇಲೆ ಹುಲಿ!"

"ತೆಗೆದರೆ?"

"ತೆಗೆದು ಆ ಜಾಗಕ್ಕೆ ಒಂದು ಸಾದಾ ಲಿಂಕ್ ಪೈಪ್ ಕೂರಿಸುವ. ಸದ್ದು ಪೂರಾ ಬೇರೆ. ಆದರೆ ಅಣ್ಣ, ಸ್ಲೋದಲ್ಲಿ ದಮ್ಮು ಇರುವುದಿಲ್ಲ. ರೇಸ್ ಕಮ್ಮಿ ಮಾಡಿದಿರೋ, ಅಲ್ಲೇ ಸಾಯ್ತದೆ. ಮತ್ತೆ ನನಗೆ ಬೈಬೇಡಿ!"

ಸೀನ ಪೈಪ್ ಕತ್ತರಿಸಿದ, ವೆಲ್ಡ್ ಮಾಡಿದ, ಬೋಲ್ಟ್ ಬಿಗಿದ. ನಾನು ದೇವರಿಗೆ ಕೈಮುಗಿದು ಹತ್ತಿದೆ.

ಅದೇ ಬೈಕು ಈಗ ಚಂಪಾಳ ಬಾಗಿಲಲ್ಲಿತ್ತು. ಬಂಡೆಪ್ಪ ಎದ್ದು ಬಂದ.

"ಏ, ಯಾಂವಲೇ ನೀ? ಇಲ್ಲ್ಯಾಕ ನಿಂತೀ?"

"ಪೆಟ್ರೋಲ್ ಮೇ ಕಚರಾ ಹೈ ಭಾಯ್," ಅಂದೆ ಹೆಲ್ಮೆಟ್ಟಿನೊಳಗಿಂದ, ಪೆಟ್ರೋಲಿನಲ್ಲಿ ಕಸವೆಂದು.

"ಗಾಡಿನ ಕಚರಾ ಐತಲ್ಲೋ! ಸಪ್ಪಳ ನೋಡು, ಹಿಟ್ಟಿನ ಗಿರಣಿ ಇದ್ದಂಗೈತಿ!" ಬಂಡೆಪ್ಪ ನಕ್ಕು ತಿರುಗಿ ಕಟ್ಟೆಯ ಕಡೆ ಹೋದ.

ಸೀನನ ಕೈಗುಣ! ಎರಡು ಮಳೆಗಾಲ ಇದೇ ಸೀಟಿನ ಮೇಲೆ ಕೂತವನಿಗೆ ಗುರುತೇ ಸಿಗಲಿಲ್ಲ.

ಬೈಕನ್ನು ಕಿಟಕಿಗೆ ಒತ್ತಿ ನಿಲ್ಲಿಸಿದೆ. ಪರದೆಯ ಹಿಂದೆ ಬಳೆಯ ಸದ್ದಾಯಿತು.

"ಚಂಪಾ, ನಾನು ಚೆನ್ನಯ. ಸೀತಾರಾಮ ಕಳಿಸಿದ್ದು. ಬೇಗ ಬಾಮ್ಮ!"

"ಬೈಕು ಎಲ್ಲಿ?"

"ಇದೇ."

"ಸುಳ್ಳು! ಆ ಸದ್ದು ಕೇಳಿ ಒಲೆಯ ಮೇಲೆ ಚಾದ ನೀರಿಟ್ಟವಳು ನಾನು. ಇದು ಅದಲ್ಲ. ಹೋಗಿ... ಇಲ್ಲದಿದ್ದರೆ ಕೂಗ್ತೇನೆ."

ಕಟ್ಟೆಯ ಕಡೆ ಓರೆಗಣ್ಣು ಹಾಯಿಸಿದೆ.

ಹೆಂಡತಿಯಿಲ್ಲದ ಇಬ್ಬರು ಗಂಡಸರು ಗ್ಯಾರೇಜಿನಲ್ಲಿ ಕೂತು ಹೂಡಿದ ಉಪಾಯ ಸ್ವಾಮಿ ಇದು! ವೈರಿಯ ಕಿವಿ ನೆನಪಾಯಿತು. ಮನೆಯಲ್ಲಿ ಕಾಯುವವಳಿಗೂ ಕಿವಿ ಇರುತ್ತದೆಂದು ನಮಗೆ ಹೇಗೆ ಹೊಳೆಯಬೇಕು? ನಮ್ಮ ಸದ್ದಿಗೆ ಯಾರು ಕಾದದ್ದುಂಟು?

"ಬಣ್ಣ ಬದಲಿಸಿದ್ದೇವೆ ಅಮ್ಮ. ವಾಲ್ವ್ ತೆಗೆದು ಪೈಪ್ ಹಾಕಿದ್ದೇವೆ..."

"ಅದೆಂತದೋ ನನಗೆ ಗೊತ್ತಿಲ್ಲ. ಎಂಜಿನ್ ಬಂದ್ ಮಾಡಿ. ಬಂದ್ ಮಾಡಿ ಚಾವಿ ತಿರುಗಿಸಿ."

ಬಂಡೆಪ್ಪನ ಕಣ್ಣೆದುರು ಎಂಜಿನ್ ನಿಲ್ಲಿಸುವುದೇ? ಮತ್ತೆ ಅದು ಹತ್ತಿಕೊಳ್ಳದಿದ್ದರೆ?

ಮಂಜುನಾಥಾ... ನಿಲ್ಲಿಸಿದೆ.

ಗಲ್ಲಿಯ ನಲ್ಲಿ ತೊಟ್ಟಿಕ್ಕುವುದೂ ಕೇಳಿಸಿತು. ಚಾವಿ ತಿರುಗಿಸಿದೆ.

ಝುಂಯ್... ಟಕ್.

ಸೀಟಿನ ಕೆಳಗೊಂದು ಪುಟ್ಟ ಮೋಟರು. ಆ ವಾಲ್ವನ್ನು ತಿರುಗಿಸಲೆಂದೇ ಇದ್ದದ್ದು. ಸೀನ ವಾಲ್ವ್ ತೆಗೆದಿದ್ದ, ಮೋಟರನ್ನು ಹಾಗೆಯೇ ಬಿಟ್ಟಿದ್ದ. ಚಾವಿ ಕೊಟ್ಟಾಗಲೆಲ್ಲ ಅದು ಇಲ್ಲದ ವಾಲ್ವಿಗಾಗಿ ತಂತಿ ಎಳೆದು, ಬಿಟ್ಟು, ಸುಮ್ಮನಾಗುತ್ತಿತ್ತು. ಖೋಲಿಯಲ್ಲಿ ನಾನೂ ಒಮ್ಮೊಮ್ಮೆ ಎರಡು ಲೋಟ ಚಾ ಸೋಸುತ್ತೇನೆ...

ಬಾಗಿಲು ತೆರೆಯಿತು!

ಆದರೆ ಆ ಸದ್ದು ಗೊತ್ತಿದ್ದದ್ದು ಅವಳೊಬ್ಬಳಿಗೇ ಅಲ್ಲ.

"ಲೇ..." ಬಂಡೆಪ್ಪನ ಬಾಯಿಂದ ಪಾನು ಉದುರಿತು. "ನಮ್ಮ ಗಾಡಿ ಐತಲ್ಲೋ ಇದು!"

ಚಂಪಾ ಹಿಂದೆ ಹತ್ತಿದಳು. ಬಟನ್ ಒತ್ತಿದೆ. ಕೆಮ್ಮಿತು. ಮತ್ತೆ ಒತ್ತಿದೆ. ಹತ್ತಿಕೊಂಡಿತು! ಕ್ಲಚ್ ಬಿಟ್ಟೊಡನೆ ಮುಗ್ಗರಿಸಿತು. ಸ್ಲೋದಲ್ಲಿ ದಮ್ಮಿಲ್ಲ... ಸೀನ ಹೇಳಿದ್ದ!

ಬಂಡೆಪ್ಪ ಓಡಿಬಂದ. ಬೈಕು ಕೆಡವಲು ಅಡ್ಡ ಕಾಲು ಹಾಕಿದ. ಅವನ ಬರಿಗಾಲು ನೇರ ಕಾದ ಲಿಂಕ್ ಪೈಪಿಗೆ ಒತ್ತಿತು.

ಚುಂಯ್!

"ಯವ್ವಾ!"

"ಕ್ಲಚ್ ಅರ್ಧ ಹಿಡ್ಕೊಂಡು ರೇಸ್ ಕೊಡಿ ಮಾರಾಯ್ರೆ!" ಕಿವಿಯಲ್ಲಿ ಕಿರುಚಿದವಳು ಚಂಪಾ. "ಎಂತ ಗಾಡಿ ಓಡಿಸುವುದು ನೀವು!"

ಕೊಟ್ಟೆ. ಬೈಕು ಹೂಂಕರಿಸಿ ಹಾರಿತು. ನಲ್ಲಿಯ ಬುಡದ ಬಿಂದಿಗೆಗಳು ಉರುಳಿದವು. ಹಿಂದೆ ಗುಂಡಿನ ಸದ್ದು... ಢಮ್! ಯಾರದ್ದೋ ತಗಡಿನ ಮಾಡು ತೂತಾಯಿತು. ಒಂದು ಆಟೋ ಬೆನ್ನು ಹತ್ತಿತು. ಹೈವೇಗೆ ಬಿದ್ದ ಮೇಲೆ ಆಟೋ ಯಾವ ಲೆಕ್ಕ!

ಸಯಾನಿನಲ್ಲಿ ಉಡುಪಿಯ ಬಸ್ಸು ಹೊರಟು ನಿಂತಿತ್ತು. ಕಿಟಕಿಯಲ್ಲಿ ಸೀತಾರಾಮ. ಚಂಪಾ ಹತ್ತಿ ಪಕ್ಕದಲ್ಲಿ ಕೂತಳು. ಅವಳು ಅವನ ಪ್ಲಾಸ್ಟರ್ ಹಾಕಿದ ಕಾಲಿನ ಮೇಲೆ ಮೆಲ್ಲನೆ ಕೈಯಿಟ್ಟಳು, ಅಷ್ಟೇ. ನಾನು ಮುಖ ತಿರುಗಿಸಿ ಬಸ್ಸಿನ ಟಯರು ನೋಡಿದೆ.

"ಬೈಕು ನೀವೇ ಇಟ್ಟುಕೊಳ್ಳಿ ಅಣ್ಣ," ಅಂದ ಸೀತಾರಾಮ.

"ಆ ಪೈಪ್ ತೆಗೆಸಿ, ಮೊದಲಿನ ಹಾಗೆ ಮಾಡಿಸಿ," ಅಂದಳು ಚಂಪಾ. "ಸದ್ದು ಕೇಳಲಿಕ್ಕಾಗುವುದಿಲ್ಲ."

ಬಸ್ಸು ಹೋಯಿತು. ಭಾಯಿ ಆ ತಿಂಗಳೇ ದುಬೈಗೆ ಹಾರಿದ. ಬಂಡೆಪ್ಪ ಕುಂಟುತ್ತ ತನ್ನೂರಿನ ರೈಲು ಹತ್ತಿದನಂತೆ.

ಆ ಪೈಪ್ ಮಾತ್ರ ನಾನು ತೆಗೆಸಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಿಲ್ಡಿಂಗಿನ ಕಿಟಕಿಗಳೆಲ್ಲ ತೆರೆಯುತ್ತವೆ. ಮರಾಠಿ, ಹಿಂದಿ, ಗುಜರಾತಿ, ಎಲ್ಲ ಭಾಷೆಯಲ್ಲೂ ಬೈಗುಳ!

ಇರಲಿ ಬಿಡಿ ಸ್ವಾಮಿ... ಅಷ್ಟಾದರೂ ಮಾತಾಡಿಸುತ್ತಾರಲ್ಲ!