ತಲೆದೆಸೆಯ ಇಟ್ಟಿಗೆ

ಜೆಸಿಬಿಯ ಬಕೆಟ್ಟು ನನ್ನ ತಲೆಯಿಂದ ಎರಡು ಗೇಣು ಮೇಲೆ ನಿಂತಿತ್ತು.

ನಾನು ಸೊಂಟದಾಳದ ಗುಂಡಿಯಲ್ಲಿದ್ದೆ. ಕೈಯಲ್ಲಿ ಗುದ್ದಲಿ. ಗುಂಡಿಯ ಅಂಚಿನಲ್ಲಿ, ಯಂತ್ರಕ್ಕೆ ಎದೆಯೊಡ್ಡಿ, ಸ್ಮಶಾನ ಕಾಯುವ ಮುದುಕ ನಿಂತಿದ್ದ.

"ಲೇ ಇಕ್ಕಳ, ಮೇಲೆ ಬಾ," ಸೈಟ್ ಮ್ಯಾನೇಜರ್ ಕೂಗಿದ. "ನೀನು ನಮ್ಮ ಕಡೆಯವನಲ್ವೇನೋ?"

ಹೋದ ವಾರದ ತನಕ ಹೌದು. ಯಾರ ಹತ್ತಿರ ಏನಿದ್ದರೂ ಕಿತ್ತು ತರುತ್ತೇನೆಂದು ನನಗೆ ಆ ಅಡ್ಡಹೆಸರು. ಬಿಲ್ಡರ್ ನನ್ನನ್ನು ಕರೆಸಿ ಕಾನೂನು ಹೇಳಿಕೊಟ್ಟಿದ್ದ. ಮೂವತ್ತು ವರ್ಷ ಒಬ್ಬರನ್ನೂ ಹೂಳದಿದ್ದರೆ ಸ್ಮಶಾನ ಮುಚ್ಚಿದಂತೆ. ಇನ್ನೂರು ವರ್ಷದ ಕಲ್ಲುಗಳಿದ್ದರೂ ಅಷ್ಟೇ, ಮೇಲೆ ಮಾಲ್ ಕಟ್ಟಬಹುದು. ಅಡ್ಡಿಯಾಗಿದ್ದದ್ದು ಒಂದು ರಿಜಿಸ್ಟರ್. ಕೊನೆಯ ಹೆಣ ಹೂಳಿ ಇಪ್ಪತ್ತೆಂಟೇ ವರ್ಷವಾಗಿದೆ ಎಂದು ಅದರಲ್ಲಿತ್ತು.

ಮುದುಕನ ಪೆಟ್ಟಿಗೆಯಿಂದ ಅದನ್ನು ಕದ್ದವನು ನಾನು. ಬಿಲ್ಡರ್ ನನ್ನ ಕಣ್ಣೆದುರೇ ಸುಟ್ಟ.

ಆ ಕೊನೆಯ ಹೆಣ ಮುದುಕನ ಹೆಂಡತಿಯದು. ಮೊದಲೇ ಗೊತ್ತಿದ್ದರೆ ಕದಿಯುತ್ತಿರಲಿಲ್ಲವೇ? ನಿಮ್ಮ ಹತ್ತಿರ ಸುಳ್ಳೇಕೆ... ಕದಿಯುತ್ತಿದ್ದೆ. ಆದರೆ ಮರುದಿನ ಅವನ ಮಗಳು ನನ್ನ ಬಾಗಿಲಿಗೆ ಬಂದಳು. ಬೈಯಲಿಲ್ಲ, ಅಳಲಿಲ್ಲ.

"ಅಮ್ಮನಿಗೆ ಕಲ್ಲು ಹಾಕ್ಸೋ ಶಕ್ತಿ ಇರ್ಲಿಲ್ಲ ಅಣ್ಣ. ಪುಸ್ತಕದಲ್ಲಿ ಆ ಒಂದು ಸಾಲೇ ಇದ್ದದ್ದು."

ಅವಳ ಹಿಂದೆಯೇ ಹೊರಟೆ. ಮುದುಕನ ಹತ್ತಿರ ಹೋಗಿ ತಲೆತಗ್ಗಿಸಿ ನಿಂತೆ.

"ಪುಸ್ತಕ ಹೋದ್ರೆ ಹೋಗ್ಲಿ ಬಿಡು," ಅಂದ. "ಇಟ್ಟಿಗೆ ಇದೆ."

ಗುಂಡಿ ತೋಡುವವರ ಪದ್ಧತಿ ಅದು. ಹೆಣದ ತಲೆದೆಸೆಯಲ್ಲಿ ಒಂದು ಇಟ್ಟಿಗೆ, ಅದರ ಮೇಲೆ ಮೊಳೆಯಿಂದ ಗೀಚಿದ ತಾರೀಖು. ಮುಂದೆ ತೋಡುವವನಿಗೆ ತಿಳಿಯಲೆಂದು. ಇವತ್ತು ಸಂಜೆ ನಾಲ್ಕಕ್ಕೆ ಜಾಗ ನೋಡಿ, ಸ್ಮಶಾನ ಮುಚ್ಚಿದೆಯೆಂದು ಸಹಿ ಹಾಕಲು ಅಧಿಕಾರಿ ಬರುವವರಿದ್ದರು. ಅಷ್ಟರಲ್ಲಿ ಇಟ್ಟಿಗೆ ಮೇಲೆ ಬರಬೇಕಿತ್ತು.

"ತಲೆ ಕಡೆ ಮಾತ್ರ ತೋಡು, ಮಗಾ. ಅವಳನ್ನ ಎಬ್ಬಿಸ್ಬೇಡ," ಅಂದಿದ್ದ ಮುದುಕ.

ಈಗ, ಬಕೆಟ್ಟಿನ ಕೆಳಗೆ, ಗುದ್ದಲಿಗೆ ಏನೋ ತಗುಲಿ ಠಣ್ ಎಂದಿತು. ಬಗ್ಗಿ ಮಣ್ಣು ಒರೆಸಿದೆ. ಅಂಕಿಗಳು ಕಂಡವು.

ಮ್ಯಾನೇಜರ್‌ಗೂ ಕಂಡವು. ಅವನು ಡ್ರೈವರ್‌ಗೆ ಕೈ ಕೆಳಗೆ ಮಾಡಿ ತೋರಿಸಿದ.

ಬಕೆಟ್ಟು ಇಳಿಯಿತು. ನಾನು ಪಕ್ಕಕ್ಕೆ ಹಾರಿದೆ, ಭುಜದ ಚರ್ಮ ಕಿತ್ತುಹೋಯಿತು. ಎದ್ದು ನೋಡಿದರೆ ಇಟ್ಟಿಗೆ ಇದ್ದ ಕಡೆ ಕೆಂಪು ಪುಡಿ.

ಅಂಚಿನಲ್ಲಿ ಮುದುಕ ಎದೆ ಹಿಡಿದು ಕುಸಿದಿದ್ದ.

ಹೊತ್ತುಕೊಂಡು ಓಡಿದೆ. ಗೇಟಿನೆದುರಿನ ಕ್ಲಿನಿಕ್ ಮುಟ್ಟುವಷ್ಟರಲ್ಲಿ ಅವನ ತಲೆ ನನ್ನ ಬೆನ್ನ ಮೇಲೆ ವಾಲಿತ್ತು. ಹೃದಯ ನಿಂತಿದೆ ಎಂದು ಡಾಕ್ಟರ್ ಸರ್ಟಿಫಿಕೇಟ್ ಬರೆದುಕೊಟ್ಟರು. ಆಗ ಗಂಟೆ ಹನ್ನೆರಡು. ನನಗೆ ಅಳು ಬಂತು. ಇಪ್ಪತ್ತು ವರ್ಷದಲ್ಲಿ ಅದೇ ಮೊದಲು.

ಹೆಣವನ್ನು ಸ್ಮಶಾನಕ್ಕೆ ಮರಳಿ ತಂದಾಗ ಮಗಳು ಅಳಲಿಲ್ಲ. ಅಪ್ಪನ ಶೆಡ್ಡಿನೊಳಗೆ ಹೋಗಿ ಒಂದು ಹೊಸ ಇಟ್ಟಿಗೆ, ಒಂದು ಮೊಳೆ ತಂದು ನನ್ನ ಕೈಗಿಟ್ಟಳು.

"ಪುಸ್ತಕ ಕದ್ದೋನು ನೀನು. ಬರೆಯೋನೂ ನೀನೇ."

"ಯಾವ ತಾರೀಖು?"

"ಇವತ್ತಿಂದು. ಅಮ್ಮನ ಪಕ್ಕದಲ್ಲೇ ತೋಡೋಣ ಬಾ."

ಇಬ್ಬರೇ ತೋಡಿದೆವು. ಮ್ಯಾನೇಜರ್ ಎರಡು ಸಲ ಹತ್ತಿರ ಬಂದ, ಹೆಣ ನೋಡಿ ಹಿಂದೆ ಸರಿದ. ಡ್ರೈವರ್ ಯಂತ್ರದ ಕೀಲಿ ಕಿತ್ತುಕೊಂಡು ಮನೆಗೆ ಹೋದ.

ನಾಲ್ಕಕ್ಕೆ ಅಧಿಕಾರಿ ಬಂದರು. ಹಸಿ ಮಣ್ಣು ನೋಡಿದರು. ಸರ್ಟಿಫಿಕೇಟ್ ಎರಡು ಸಲ ಓದಿದರು. ಸಹಿ ಹಾಕದೆ ಫೈಲು ಮುಚ್ಚಿ ಜೀಪು ಹತ್ತಿದರು.

ಅವರು ಗೇಟು ದಾಟುವ ಮೊದಲೇ ಫೋನ್ ಬಂತು. ಬಿಲ್ಡರ್.

"ಎಲ್ಲಿ ಹೋದ್ರೂ ಬಿಡಲ್ಲ ಕಣೋ. ನಿನ್ನನ್ನೂ ಅಲ್ಲೇ ಹೂಳಿಸ್ತೀನಿ."

"ಹೂಳಿಸಿ ಸಾರ್," ಅಂದೆ. "ಆದ್ರೆ ಮೂವತ್ತು ವರ್ಷ ಮತ್ತೆ ಮೊದಲಿಂದ ಎಣಿಸ್ಬೇಕಾಗುತ್ತೆ."