ಫ್ಯಾನಿಗೆ ಸಿಕ್ಕ ಅಕ್ಷತೆ

ಆಯುಧಪೂಜೆಯ ರಾತ್ರಿ ಹನ್ನೊಂದೂವರೆಗೆ ಕೆಳಗಿನ ಅಂಗಡಿಯಿಂದ ‘ಟಿಣ್’ ಎಂದು ಸಣ್ಣದೊಂದು ಸದ್ದು ಕೇಳಿಸಿತು.

ರಾಗಿಣಿ ಹಾಸಿಗೆಯಲ್ಲಿ ಎದ್ದು ಕೂತಳು. ವಿಡಿಯೋ ಗೇಮಿನ ಯಂತ್ರ ಪ್ಲೇಸ್ಟೇಷನ್ ಆನ್ ಆಗುವ ಸದ್ದು ಅದು. ಆದರೆ ಪೂಜೆಗಿಟ್ಟ ಯಂತ್ರವನ್ನು ಮರುದಿನ ಬೆಳಗಿನವರೆಗೆ ಮುಟ್ಟಬಾರದೆಂಬುದು ಮನೆಯ ಪದ್ಧತಿ. ಅಪ್ಪ ಜಗನ್ನಾಥ ಅದನ್ನು ಒಮ್ಮೆಯೂ ಮೀರಿದವರಲ್ಲ.

ಚಂದ್ರಾ ಲೇಔಟಿನ ಆ ಮನೆಯ ನೆಲಮಹಡಿಯಲ್ಲಿ ಅವಳು ಗೇಮ್ ಪಾರ್ಲರ್ ತೆರೆದು ಮೂರು ವರ್ಷವಾಗಿತ್ತು. ಮರುವರ್ಷವೇ ಎದುರು ಸಾಲಿನಲ್ಲಿ ಶ್ರೀಶ ಎಂಬವನು ಬೇರೆ ಕಂಪನಿಯ ಯಂತ್ರ ಎಕ್ಸ್‌ಬಾಕ್ಸ್ ಇಟ್ಟು ಇನ್ನೊಂದು ಪಾರ್ಲರ್ ತೆರೆದ. ಅಂದಿನಿಂದ ಅವಳಿಗೆ ನಿದ್ದೆ ಕಡಿಮೆ. ಅವನು ಮೆತ್ತನೆಯ ಕುರ್ಚಿ ಹಾಕಿಸಿದರೆ ಇವಳು ವಾರದೊಳಗೆ ದೊಡ್ಡ ಟಿವಿ ತರಿಸಿದಳು. ಇವಳು ಭಾನುವಾರ ಹುಡುಗಿಯರಿಗೆಂದೇ ಎರಡು ಗಂಟೆ ಮೀಸಲಿಟ್ಟರೆ, ಅವನು ದಿನಾ ಬೆಳಿಗ್ಗೆ ಬಾಗಿಲಲ್ಲಿ ಕೂತು ಕಂಟ್ರೋಲರ್‌ಗಳನ್ನು ಒಂದೊಂದಾಗಿ ಒರೆಸತೊಡಗಿದ.

ಅವಳು ಅದನ್ನು ದಿನಾ ಬಾಲ್ಕನಿಯಿಂದ ನೋಡುತ್ತಿದ್ದಳು. ಎದುರಾಳಿಯ ಮೇಲೆ ಕಣ್ಣಿಡುವುದು ವ್ಯಾಪಾರದ ಧರ್ಮ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಅವನು ತಲೆಯೆತ್ತಿದರೆ ಸಾಕು, ತುಳಸಿಗೆ ನೀರು ಹಾಕುವವಳಾಗಿಬಿಡುತ್ತಿದ್ದಳು. ಒಂದು ಗಿಡ ನೀರು ಹೆಚ್ಚಾಗಿಯೇ ಕೊಳೆತುಹೋಗಿತ್ತು.

ಈ ಪೈಪೋಟಿಯಿಂದ ಆಡುವವರಿಗೆ ಏನಾದರೂ ಒಳ್ಳೆಯದಾಯಿತೇ ಎಂಬ ಪ್ರಶ್ನೆ ಅವಳನ್ನು ಆಗಾಗ ಕಾಡುತ್ತಿತ್ತು. ಕುರ್ಚಿ ಬಂತು, ಟಿವಿ ಬಂತು, ನಿಜ. ಆದರೆ ಒಂದು ಆಟ ಇಲ್ಲಿದ್ದರೆ ಇನ್ನೊಂದು ಅಲ್ಲಿ ಮಾತ್ರ. ಎರಡೂ ಬೇಕೆನ್ನುವವನು ರಸ್ತೆ ದಾಟಬೇಕು. ದಾಟಿದವನನ್ನು ಈಚೆಯವರು ಪಾರ್ಟಿ ಬದಲಾಯಿಸಿದವನೆಂದು ಗೇಲಿ ಮಾಡುತ್ತಿದ್ದರು.

ನಾಳೆ ವಿಜಯದಶಮಿಗೆ ಅವಳ ಅಂಗಡಿಯಲ್ಲಿ ಪಂದ್ಯವಿತ್ತು. ಮೂವತ್ತೆರಡು ಜನ ಹೆಸರು ಕೊಟ್ಟಿದ್ದರು. ಅದಕ್ಕೆಂದೇ ತಂದು ಪೂಜೆಗಿಟ್ಟ ಹೊಸ ಯಂತ್ರಕ್ಕೆ ಏನಾದರೂ ಆದರೆ ಅಷ್ಟೂ ಜನ ರಸ್ತೆ ದಾಟುತ್ತಾರೆ, ಮತ್ತೆ ಈ ಕಡೆ ಬರುವುದಿಲ್ಲ. ಆ ಭಯವೇ ಅವಳನ್ನು ಕೊನೆಗೂ ಮೆಟ್ಟಿಲಿಳಿಸಿತು.

ಒಳಬಾಗಿಲಿನಿಂದ ಇಣುಕಿದಳು. ಶಟರ್ ಅರ್ಧ ತೆರೆದಿತ್ತು. ಹೊರಗಿನ ಜಗಲಿಯಲ್ಲಿ ಅಪ್ಪ ಮಫ್ಲರ್ ಸುತ್ತಿಕೊಂಡು, ಬೀಗದ ಕೈ ಹಿಡಿದೇ ತೂಕಡಿಸುತ್ತಿದ್ದರು. ಒಳಗೆ ಹೊಸ ಯಂತ್ರದ ಮುಚ್ಚಳ ಬಿಚ್ಚಿಟ್ಟುಕೊಂಡು, ಮೊಬೈಲಿನ ಟಾರ್ಚನ್ನು ಗಲ್ಲದಡಿ ಸಿಕ್ಕಿಸಿಕೊಂಡು, ಶ್ರೀಶ ಕೂತಿದ್ದ. ಕೈಯಲ್ಲಿ ಪೇಂಟಿಂಗ್ ಬ್ರಷ್. ಬೆರಳೆಲ್ಲ ಕೆಂಪು.

“ಏನ್ ಮಾಡ್ತಿದೀರ ಇಲ್ಲಿ?”

ಟಾರ್ಚ್ ಬಿತ್ತು. ಅವನು ತುಟಿಯ ಮೇಲೆ ಬೆರಳಿಟ್ಟು ಜಗಲಿಯ ಕಡೆ ಕಣ್ಣು ತೋರಿಸಿದ. ತುಟಿಗೂ ಕುಂಕುಮ ಹತ್ತಿತು. ನಗಬಾರದೆಂದು ಅವಳು ಗೋಡೆ ನೋಡಿದಳು.

ಅವನು ಪಿಸುದನಿಯಲ್ಲಿ ಹೇಳಿದ್ದಿಷ್ಟು. ಹೊಸ ಯಂತ್ರವೆಂಬ ಭಕ್ತಿಗೆ ಅಪ್ಪ ಕುಂಕುಮ, ಅಕ್ಷತೆಯನ್ನು ಗಾಳಿ ಹೋಗುವ ಸಂದಿಯ ಮೇಲೇ ಕೈತುಂಬ ಹಾಕಿದ್ದರು. ಪೂಜೆ ಮುಗಿಸಿ ಮಣೆ ಸರಿಸುವಾಗ ಯಂತ್ರದೊಳಗೆ ಏನೋ ಗಲಗಲ ಎಂದಿತು. ಮಗಳಿಗೆ ಹೇಳಲು ಅಂಜಿ, ಅವಳು ಮಲಗಿದ ಮೇಲೆ ರಸ್ತೆ ದಾಟಿ ಅವನ ಬಾಗಿಲು ತಟ್ಟಿದ್ದರು. ಅವನು ಬಿಚ್ಚಿ ಸ್ವಚ್ಛ ಮಾಡಿ ಆಗಲೇ ಒಮ್ಮೆ ಆನ್ ಮಾಡಿ ನೋಡಿದಾಗ ಒಳಗಿನ ಫ್ಯಾನ್ ಇನ್ನೂ ಕರಕರ ಅಂದಿದ್ದರಿಂದ ಮತ್ತೆ ಬಿಚ್ಚಿದ್ದ.

“ಇದು ಕೆಟ್ರೆ ನಿಮ್ಗೇ ಅಲ್ವಾ ಲಾಭ?”

“ಒಂದ್ ತಿಂಗ್ಳು ಲಾಭ. ಆಮೇಲೆ ನಾನು ಸೋಂಬೇರಿ ಆಗ್ತೀನಿ. ಕುರ್ಚಿ ಹರಿದ್ರೆ ಹರೀಲಿ ಅಂತೀನಿ. ಹುಡುಗ್ರು ಇನ್ನೆಲ್ಲಿಗ್ ಹೋಗ್ತಾರೆ?” ಅವನು ಬ್ರಷ್ಷಿನ ಕೂದಲನ್ನು ಸುಮ್ಮನೆ ಸರಿಮಾಡಿದ. “ಅದೂ ಅಲ್ದೆ, ಅಂಗ್ಡಿ ಒಳಗೇ ಕೂತು ಕಂಟ್ರೋಲರ್ ಒರೆಸ್ಬಹುದು. ಬಾಗಿಲಿಗ್ ಯಾಕ್ ಬರ್ತೀನಿ ಅಂತ ನೀವು ಯೋಚ್ನೆನೇ ಮಾಡಿಲ್ವಾ?”

“ನಾನು ತುಳಸಿಗೆ ನೀರ್ ಹಾಕೋಕ್ ಬರೋದು.”

“ದಿನಕ್ಕೆ ಮೂರ್ ಸಲ.”

ಅವಳ ಕಿವಿ ಬಿಸಿಯಾಯಿತು. ತಾನು ಮಾತ್ರ ಕಾವಲು ಕಾಯುತ್ತಿದ್ದೇನೆಂದು ಎರಡು ವರ್ಷ ನಂಬಿದ್ದಳು. ಅವನೂ ಲೆಕ್ಕವಿಟ್ಟಿದ್ದ.

ಅವನು ಅಂಗೈ ಬಿಡಿಸಿದ. ಅರಿಶಿನ ಹಚ್ಚಿದ ಒಂದೇ ಒಂದು ಅಕ್ಕಿಕಾಳು. ಫ್ಯಾನಿನ ರೆಕ್ಕೆಗೆ ಸಿಕ್ಕಿಕೊಂಡಿದ್ದ ಕೊನೆಯದು. ಮುಚ್ಚಳ ಮುಚ್ಚಿ ಮತ್ತೆ ಆನ್ ಮಾಡಿದ. ‘ಟಿಣ್.’ ಆಮೇಲೆ ಯಾವ ಸದ್ದೂ ಇಲ್ಲ. ಯಂತ್ರದ ಸಣ್ಣ ಬೆಳಕು ಅವನ ಕೆನ್ನೆಯ ಮೇಲೆ ಬಿದ್ದಿತ್ತು. ಅಷ್ಟು ಹತ್ತಿರದಿಂದ ಅವಳು ಅವನನ್ನು ನೋಡಿರಲೇ ಇಲ್ಲ.

“ಎರಡ್ ಅಂಗ್ಡೀನೂ ಒಂದ್ ಮಾಡಿದ್ರೆ ಹೇಗೆ?” ಎಂದು ಅವನು ಯಂತ್ರವನ್ನೇ ನೋಡುತ್ತಾ ಕೇಳಿದ.

ಅವನು ಕೇಳುತ್ತಿರುವುದು ಅಂಗಡಿಯ ಮಾತಲ್ಲವೆಂದು ಅವಳಿಗೆ ಗೊತ್ತಾಯಿತು. ಒಂದೊಂದು ಮಾತನ್ನೂ ತೂಗಿ ಆಡುವ ಹುಡುಗಿ, ಇದನ್ನೂ ತೂಗಿದಳು. ಒಂದಾದ ಅಂಗಡಿಯಲ್ಲಿ ಕಂಟ್ರೋಲರ್ ಒರೆಸುವವರು ಯಾರು? ದೊಡ್ಡ ಟಿವಿ ಯಾರ ಹಠಕ್ಕೆ ಬರುತ್ತದೆ?

“ನಾವ್ ಒಂದಾಗೋಣ,” ಅಂದಳು. “ಅಂಗ್ಡಿ ಬೇಡ.”

ಅವನ ಅಂಗೈಯಿಂದ ಕಾಳನ್ನು ಎರಡು ಬೆರಳಲ್ಲಿ ಎತ್ತಿ, ಮದುವೆಮನೆಯಲ್ಲಿ ಹಾಕುವಂತೆ, ಅವನ ತಲೆಯ ಮೇಲೆ ಬಿಟ್ಟಳು. ಅವನು ತಲೆ ಅಲ್ಲಾಡಿಸದೆ ಕೂತ.

ಜಗಲಿಯಲ್ಲಿ ಕೆಮ್ಮು ಕೇಳಿಸಿತು. ಅಪ್ಪ ಎದ್ದಿದ್ದರು. ಅವಳು ಒಳಬಾಗಿಲಿನಿಂದ ಸದ್ದಿಲ್ಲದೆ ಮೇಲಕ್ಕೆ ಹೋದಳು.

ಬೆಳಿಗ್ಗೆ ಕಾಫಿ ಲೋಟ ಹಿಡಿದ ಅಪ್ಪ, ಮೆಷಿನ್ ಚೆನ್ನಾಗಿದೆ ತಾನೇ ಎಂದು ಅವಳ ಮುಖ ನೋಡದೆ ಕೇಳಿದರು. ಪೂಜೆ ಮಾಡಿದ ಮೇಲೆ ಕೆಡುತ್ತದೆಯೇ ಎಂದಳು ಅವಳು. ಅವರ ಹೆಗಲು ಸಡಿಲವಾಯಿತು.

ಶಟರ್ ಎತ್ತಿದಾಗ ಹುಡುಗರು ಆಗಲೇ ಸೇರಿದ್ದರು. ಎದುರು ಬಾಗಿಲಲ್ಲಿ ಶ್ರೀಶ ಕಂಟ್ರೋಲರ್ ಒರೆಸುತ್ತಾ ಕೂತಿದ್ದ. ಅವನು ಹೊಸದೊಂದು ಬೋರ್ಡ್ ಬೇರೆ ಬರೆಸಿದ್ದ, ಇವಳ ಬೋರ್ಡಿಗಿಂತ ಒಂದು ಗೇಣು ದೊಡ್ಡದು.

“ನೋಡಕ್ಕಾ ಅವ್ರ ಕೊಬ್ಬು,” ಎಂದನೊಬ್ಬ.

“ನೋಡ್ತಾ ಇದೀನಿ. ಬಿಡಲ್ಲ,” ಎಂದಳು ರಾಗಿಣಿ.

ಹುಡುಗರಿಗೆ ಈ ಜಗಳ ಬೇಕಿತ್ತು, ಅಪ್ಪನಿಗೆ ಆ ನೆಮ್ಮದಿ ಬೇಕಿತ್ತು. ಆ ರಾತ್ರಿಯದನ್ನು, ಕಾಲ ಬರುವವರೆಗೆ, ಯಾರಿಗೂ ಹೇಳಬಾರದೆಂದು ತೀರ್ಮಾನಿಸಿ ಅವಳು ಮೊದಲ ಇಬ್ಬರ ಹೆಸರು ಕೂಗಿದಳು.